ಕಂಬದ ಬುಡದ ಚರಗ

ಎಳ್ಳಮಾಸಿಗೆ ಇನ್ನೂ ವಾರದ ಮೇಲೆ ದಿನಗಳಿರುವಾಗಲೇ ಫಕೀರವ್ವ ಪ್ರಸಾರ ಕೇಂದ್ರದ ಆಫೀಸಿಗೆ ಬಂದಳು. ಕುರ್ಚಿ ತೋರಿಸಿದರೂ ಒಲ್ಲೆನೆಂದು ನೆಲದ ಮೇಲೆ ಕಾಲು ಚಾಚಿ ಕೂತಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಆಮೇಲೆ ಹೇಳಿದಳು:

“ಯವ್ವಾ, ಅಮಾಸಿ ದಿನಾ ಮಧ್ಯಾಹ್ನಕ್ಕ ನಿನ್ನ ಕಂಬಾ ಬಂದ್ ಮಾಡು. ನಾವು ಚರಗಾ ಚೆಲ್ಲಾಕ ಬರ್ತೇವಿ.”

‘ಮಾಡ್ತೀಯೇನು’ ಎಂದು ಕೇಳಲಿಲ್ಲ, ‘ಮಾಡು’ ಎಂದಳು. ಪಕ್ಕದ ಮನೆಯವರಿಗೆ ‘ನಾಯಿ ಕಟ್ಟು, ನಾ ಬರ್ತೇನಿ’ ಎನ್ನುವ ಧಾಟಿಯಲ್ಲಿ.

ತಬಸುಮ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಸಂಶಿಯ ಆಚೆ, ಕುಸುಬಿಕೊಪ್ಪದ ಎರೆಹೊಲಗಳ ನಡುವೆ ನಿಂತ ಈ ರೇಡಿಯೋ ಕಂಬದ ಉಸ್ತುವಾರಿ ಅವಳ ಕೈಗೆ ಬಂದು ಒಂದು ಮಳೆಗಾಲವಷ್ಟೇ ಕಳೆದಿತ್ತು. ಅಣ್ಣಿಗೇರಿಯ ಹುಡುಗಿ, ಓದಿ ಎಂಜಿನಿಯರ್ ಆದವಳು, ಸುರಕ್ಷತೆಯ ಮಾತು ಬಂದರೆ ಸ್ವಂತ ತಂದೆಗೂ ರಿಯಾಯಿತಿ ಕೊಡುವ ಪೈಕಿ ಅಲ್ಲ. ಬಂದವಳೇ ಬೇಲಿಯ ಉದ್ದಕ್ಕೂ ‘ಅಪಾಯ’, ‘ಪ್ರವೇಶವಿಲ್ಲ’ ಎಂದು ಕೆಂಪು ಬೋರ್ಡುಗಳನ್ನು ಹೊಡೆಸಿದ್ದಳು. ಎದುರಿಗೆ ‘ಬಾಯಾರ’ ಎಂದು ಗೌರವ ಕೊಡುವ ಸಿಬ್ಬಂದಿ ಬೆನ್ನ ಹಿಂದೆ ಅವಳಿಗೆ ‘ಬೋರ್ಡ್ ಬಾಯಾರು’ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಮತ್ತು ಗೊತ್ತಿಲ್ಲದವಳ ಹಾಗೆ ಓಡಾಡುತ್ತಿದ್ದಳು.

“ಎಲ್ಲಿ ಚೆಲ್ಲತೀರಿ ಆಯಿ?” ಎಂದು ಕೇಳಿದಳು.

“ಎಲ್ಲಿ ಅಂದ್ರ? ನಮ್ಮ ಹೊಲದಾಗ.”

“ನಿಮ್ಮ ಹೊಲಾ ಎಲ್ಲೈತ್ರಿ?”

ಫಕೀರವ್ವ ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದಳು. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಒಂದೇ, ಕಂಬದ ಬುಡ.

ಎಳ್ಳಮಾಸಿಯ ದಿನ ಬೆಳೆ ನಿಂತ ಹೊಲಕ್ಕೆ ಮನೆಯ ಅಡುಗೆಯನ್ನೇ ಹೊತ್ತೊಯ್ದು, ಭೂಮಿತಾಯಿಗೆ ಮೊದಲು ಉಣಿಸಿ, ಉಳಿದದ್ದನ್ನು ತಾವು ಕೂತು ಉಣ್ಣುವುದು ಈ ಸೀಮೆಯ ಪದ್ಧತಿ. ಹೊಲದ ತುಂಬ ಬೀರುವ ಆ ಅಡುಗೆಗೆ ಚರಗ ಎನ್ನುತ್ತಾರೆ. ಕಂಬ ನಿಂತ ಜಾಗ ಒಂದು ಕಾಲಕ್ಕೆ ಫಕೀರವ್ವನ ಮಾವನ ಹೊಲವಾಗಿತ್ತು. ಸರಕಾರ ತೆಗೆದುಕೊಂಡು ಪರಿಹಾರ ಕೊಟ್ಟಿತು, ಮನೆಯವರು ಅದರಲ್ಲಿ ಬೇರೆ ಕಡೆ ಹೊಲ ಹಿಡಿದರು, ಆ ವ್ಯವಹಾರದಲ್ಲಿ ಯಾರಿಗೂ ಮೋಸವಾಗಲಿಲ್ಲ. ಆದರೆ ಹಳೆಯ ಬನ್ನಿಗಿಡದ ಕೆಳಗೆ ಹಿರಿಯರು ಇಟ್ಟಿದ್ದ ಐದು ಕಲ್ಲುಗಳಿದ್ದವು. ಗಿಡ ಕಡಿದರು, ಕಲ್ಲು ಕೀಳುವ ಧೈರ್ಯ ಕೆಲಸಗಾರರಿಗೆ ಆಗಲಿಲ್ಲ. ಕಂಬದ ಕಾಂಕ್ರೀಟು ಕಟ್ಟೆಗೆ ಒತ್ತಿಕೊಂಡೇ ಅವು ಉಳಿದವು. ವರ್ಷಕ್ಕೊಮ್ಮೆ ಅಮಾವಾಸ್ಯೆಯ ದಿನ ಕಂಬ ಬಂದ್ ಇರುವ ಹೊತ್ತು ನೋಡಿ ಒಳಗೆ ಬರಬಹುದು ಎಂದು ಆಗಿನ ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದ. ಅವನು ನಿವೃತ್ತನಾಗಿ ಹೋದ. ಅವನ ಮಾತನ್ನು ಮಾತ್ರ ಈ ಮನೆಯವರು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು.

“ಒಳಗ ಬಂದು ಏನೇನ್ ಮಾಡ್ತೀರಿ?” ತಬಸುಮ್‌ಳ ದನಿ ಆಗಲೇ ಸಣ್ಣದಾಗಿತ್ತು.

“ಕಲ್ಲಿಗೆ ಸುಣ್ಣಾ ಹಚ್ಚತೇವಿ, ಕುಂಕುಮಾ ಇಡತೇವಿ. ಕಂಬಕ್ಕೂ ಒಂದ್ ಬಟ್ಟು ಇಡತೇನಿ. ನಮ್ಮ ಹೊಲದಾಗ ನಿಂತೈತಿ, ಅದನ್ನೊಂದ ಯಾಕ ಬಿಡಲಿ?”

“ಕೈಲೇ?”

“ಮತ್ತೇನ್ ಕಾಲಿಲೆ ಇಡತಾರೇನ ಬೇ?”

ತಬಸುಮ್‌ಳಿಗೆ ಕೂತಲ್ಲೇ ಬೆವರು ಬಂತು. ಮೊಬೈಲ್ ಟವರಿನ ಹಾಗೆ ಈ ಕಂಬದ ತುದಿಗೆ ಏನನ್ನೋ ಕೂರಿಸಿಲ್ಲ. ಉಕ್ಕಿನ ಕಂಬವೇ ಬುಡದಿಂದ ತುದಿಯವರೆಗೆ ಪ್ರಸಾರ ಮಾಡುತ್ತದೆ. ಅದಕ್ಕೇ ಅದನ್ನು ನೆಲಕ್ಕೆ ತಾಗದಂತೆ ದಪ್ಪನೆಯ ಪಿಂಗಾಣಿಯ ಮೇಲೆ ನಿಲ್ಲಿಸಿರುತ್ತಾರೆ. ನೆಲದ ಮೇಲೆ ನಿಂತವರು ಅದಕ್ಕೆ ಬೆರಳು ತಾಗಿಸಿದರೆ ಅವರ ಮೈಯೇ ಅದಕ್ಕೆ ನೆಲಕ್ಕಿಳಿಯುವ ದಾರಿ. ಕೈ ಒಳಗಿಂದ ಬೇಯುತ್ತದೆ, ಜೀವವೂ ಹೋಗಬಹುದು. ಮುಟ್ಟದೆ ಸುಮ್ಮನೆ ಹತ್ತಿರ ನಿಂತರೂ ಮೈ ನಿಧಾನಕ್ಕೆ ಕಾಯುತ್ತದೆ. ಕಾದದ್ದು ಬಿಸಿಲಿಗೋ ಕಂಬಕ್ಕೋ ತಿಳಿಯುವುದಿಲ್ಲ. ಬುಡದ ಸುತ್ತ ಒಳಬೇಲಿ ಹಾಕಿರುವುದು ಇಷ್ಟಕ್ಕಾಗಿ. ಆ ಬೇಲಿಯಿಂದ ಹೊರಗೆ ಬಂದಂತೆಲ್ಲ ಅದರ ಜೋರು ಸರಸರನೆ ಇಳಿಯುತ್ತದೆ. ಊರಲ್ಲಿ ಯಾರಿಗೆ ತಲೆ ನೋವಾದರೂ, ಯಾರ ಎಮ್ಮೆ ಹಾಲು ಕಡಿಮೆ ಮಾಡಿದರೂ ತಪ್ಪನ್ನು ಕಂಬದ ಮೇಲೆ ಹಾಕುತ್ತಿದ್ದರೆಂದು ಅವಳು ಮೀಟರು ಹಿಡಿದು ಶಾಲೆಯ ಅಂಗಳ, ಅಗಸಿ, ಪಂಚಾಯಿತಿ ಕಟ್ಟೆ ಎಲ್ಲ ಅಳೆದು, ಇಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ತೋರಿಸಿ ಬಂದಿದ್ದಳು. ಹೆದರಬೇಕಿಲ್ಲದ ಕಡೆ ಹೆದರುತ್ತಿದ್ದ ಅದೇ ಊರು, ಹೆದರಲೇಬೇಕಾದ ಕಡೆ ಕುಂಕುಮ ಇಡುತ್ತಿದೆ ಎಂದು ಅವಳಿಗೆ ಈಗ ಗೊತ್ತಾಗುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಮೀರಾಸಾಬನನ್ನು ಅವಳು ನೋಡಿದಳು. ಕೂದಲು ನೆರೆತ, ಮಾತು ಕಡಿಮೆಯ ಮನುಷ್ಯ. ಅವನು ಟೋಪಿ ಸರಿಮಾಡಿಕೊಂಡ.

“ಮೊದಲೆಲ್ಲಾ ಮಧ್ಯಾಹ್ನ ಕಂಬಾ ಬಂದ್ ಇರ್ತಿತ್ರಿ ಬಾಯಾರ. ರೇಡಿಯೋದಾಗ ‘ಇಲ್ಲಿಗೆ ಮುಗೀತು’ ಅಂತ ಹೇಳೋರು. ನಾನು ಶೆಲ್ಲು ಉಳೀಲಿ ಅಂತ ರೇಡಿಯೋ ಬಂದ್ ಮಾಡಿ ಕಿಸೇಕ್ಕ ಹಾಕ್ಕೊಂಡು, ಇವರನ್ನ ಕರ್ಕೊಂಡ್ ಹೋಗಿ ಕರ್ಕೊಂಡ್ ಬರ್ತಿದ್ದೆ. ಈಗಷ್ಟ ಅಲ್ರಿ ದಿನಾಪೂರ್ತಿ ಹಾಡೂದು.”

“ಈಗ ಆ ಬಿಡುವಿಲ್ಲ. ಅದಕ್ಕ ಈ ವರ್ಷ ಇಲ್ಲ,” ಎಂದಳು ತಬಸುಮ್. “ಹೊರಗಿನ ಬೇಲಿ ಬಾಜೂಕ ಚೆಲ್ರಿ ಆಯಿ. ನಾನೂ ನಿಮ್ಮ ಜೋಡಿ ಬರ್ತೇನಿ.”

“ರಸ್ತಾದ ಮ್ಯಾಲೆ ಚೆಲ್ಲಿದ್ರ ಹೊಲಾ ಉಂಡೀತೇನ್ ಯವ್ವಾ? ನಿನ್ನ ಊಟಾ ಬಾಜೂ ಮನ್ಯಾಗ ಬಡಿಸಿದ್ರ ನಿನ್ನ ಹೊಟ್ಟಿ ತುಂಬತೈತೇನು?”

ತಬಸುಮ್‌ಳಿಗೆ ಮಾತಿನಲ್ಲಿ ಸೋತು ಅಭ್ಯಾಸವಿರಲಿಲ್ಲ. ಅಂದು ಸಂಜೆ ಅಜ್ಜಿಯನ್ನು ಒಳಬೇಲಿಯ ಹೊರಗಿನ ಹಾದಿಗೆ ಕರೆದುಕೊಂಡು ಹೋಗಿ, ಸುಟ್ಟುಹೋದ ಒಂದು ಟ್ಯೂಬ್‌ಲೈಟನ್ನು ಕೈಯಲ್ಲಿ ಎತ್ತಿ ಹಿಡಿದಳು. ತಂತಿಯಿಲ್ಲ, ಸ್ವಿಚ್ಚಿಲ್ಲ, ಟ್ಯೂಬು ಮಸುಕಾಗಿ ಬೆಳಗಿತು. ಕಾಣದ ಶಕ್ತಿ ಹೇಗೆ ಸುತ್ತಲೂ ತುಂಬಿದೆ ನೋಡಿರಿ ಎಂದು ಗೆದ್ದವಳಂತೆ ನಿಂತಳು. ಫಕೀರವ್ವ ಬಾಯಿ ಮೇಲೆ ಕೈ ಇಟ್ಟು ಬೆರಗಾಗಿ ನೋಡಿದಳು.

“ಅಯ್ಯ, ಹಂಗಾರ ನಮ್ಮ ಮನಿಗೂ ಇದರಾಗಿಂದ ಒಂದು ಕೊಡು. ಲೈಟಿನ ಬಿಲ್ಲರ ಉಳೀತೈತಿ,” ಎಂದಳು.

ಸಂಶಿಯಲ್ಲಿ ಬಾಡಿಗೆಗೆ ಹಿಡಿದಿದ್ದ ತನ್ನ ಕೋಣೆಗೆ ಮರಳಿದ ಮೇಲೂ ತಬಸುಮ್‌ಳ ಸಿಟ್ಟು ಇಳಿಯಲಿಲ್ಲ. ಅಕ್ಕಿ ತೊಳೆಯುತ್ತ ಅಜ್ಜಿಯನ್ನು ಬೈದಳು, ಬೇಳೆ ಕುದಿಸುತ್ತ ಆ ಹಳೆಯ ಅಧಿಕಾರಿಯನ್ನು ಬೈದಳು. ಊಟಕ್ಕೆ ಕೂತಾಗ ಬೈಯುವುದಕ್ಕೆ ಯಾರೂ ಉಳಿಯಲಿಲ್ಲ. ಆಗ ನೆಟ್ಟಗೆ ಯೋಚನೆ ಬಂತು. ಅಜ್ಜಿ ಕೇಳಿದ್ದಾದರೂ ಏನು? ಕಂಬ ಬಂದ್ ಮಾಡು, ಆಮೇಲೆ ಬರುತ್ತೇನೆ ಎಂದಳು. ತನ್ನ ನಿಯಮವೂ ಅದನ್ನೇ ಹೇಳುತ್ತದೆ: ಮೊದಲು ಬಂದ್, ಆಮೇಲೆ ಪ್ರವೇಶ. ಇಬ್ಬರ ಮಾತೂ ಒಂದೇ ಇರುವಾಗ ಜಗಳ ಎಲ್ಲಿಂದ ಬಂತು? ಬಂದ್ ಮಾಡಿಸುವ ಕೆಲಸ ತನ್ನ ಪಾಲಿಗಿದೆ, ಅದು ಕಷ್ಟದ ಕೆಲಸ, ಅದಕ್ಕೇ ಆಗುವುದಿಲ್ಲ ಎಂದುಬಿಟ್ಟೆ ಎಂದು ಅವಳಿಗೆ ಒಳಗೊಳಗೇ ನಾಚಿಕೆಯಾಯಿತು.

ಮರುದಿನ ಮೇಲಿನ ಆಫೀಸಿಗೆ ಕೇಳಿದಳು. ಚರಗಕ್ಕಾಗಿ ಪ್ರಸಾರ ನಿಲ್ಲಿಸುವ ಪದ್ಧತಿ ಇಲ್ಲವೆಂದರು, ಮತ್ತು ನಕ್ಕರು. ಅವಳು ಬಿಡುವವಳಲ್ಲ. ಬುಡದ ಪಿಂಗಾಣಿಯ ಮೇಲೆ ಧೂಳು ಕೂತಿತ್ತು, ಒರೆಸುವ ಕೆಲಸ ಹೇಗೂ ಬಾಕಿ ಇತ್ತು. ಅದಕ್ಕೆ ಅಮಾವಾಸ್ಯೆಯ ಮಧ್ಯಾಹ್ನವೇ ಅರ್ಧ ತಾಸು ಬೇಕು ಎಂದು ಕೇಳಿದಳು. ಪಿಂಗಾಣಿಗೆ ಅರ್ಧ ತಾಸು ಸಿಕ್ಕಿತು, ಚರಗಕ್ಕೆ ಬರ್ರಿ ಎಂದು ಫಕೀರವ್ವನಿಗೆ ಹೇಳಿ ಕಳಿಸಿದಳು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಅಂದು ಸಂಶಿಯ ಅಂಗಡಿಯಲ್ಲಿ ಎರಡು ಕಪ್ ಚಹಾ ಕುಡಿದಳು.

ಒಳಬೇಲಿಗೆ ದೊಡ್ಡ ಗೇಟೊಂದಿತ್ತು. ಅದರ ಕೀಲಿ ಇರುವುದು ಪ್ರಸಾರ ಯಂತ್ರದ ಹೊಟ್ಟೆಯಲ್ಲೇ: ಯಂತ್ರ ಬಂದ್ ಆದ ಮೇಲಷ್ಟೇ ಅದು ಹೊರಬರುತ್ತದೆ, ಮತ್ತು ಅದನ್ನು ಮರಳಿ ತಂದು ತಿರುಗಿಸುವವರೆಗೂ ಯಂತ್ರ ಚಾಲೂ ಆಗುವುದಿಲ್ಲ. ಯಾರೋ ಒಳಗಿರುವಾಗ ಇನ್ಯಾರೋ ಮರೆತು ಚಾಲೂ ಮಾಡಬಾರದೆಂದು ತಿಳಿದವರು ಮಾಡಿಟ್ಟ ಏರ್ಪಾಡು. ತಬಸುಮ್‌ಳಿಗೆ ಆ ಕೀಲಿಯ ಮೇಲೆ ಬಹಳ ಭರವಸೆ. ಹಿಂಬದಿಯಲ್ಲಿ ಇನ್ನೊಂದು ಸಣ್ಣ ಗೇಟಿರುವುದನ್ನು ಅವಳು ನೋಡಿದ್ದಳು. ಜಾಲಿಕಂಟಿ ಬೆಳೆದು, ತುಕ್ಕು ಹಿಡಿದು, ತೆರೆಯುವ ಸ್ಥಿತಿಯಲ್ಲಿ ಇದ್ದಂತೆ ಕಾಣಲಿಲ್ಲ. ಎಳೆದು ನೋಡದೆ ಅದಕ್ಕೂ ಒಂದು ಬೋರ್ಡು ಹೊಡೆಸಿ ಸುಮ್ಮನಾಗಿದ್ದಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಸುತ್ತಲಿನ ಹೊಲಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ಸದ್ದು. ಬಿಳಿಜೋಳ ತೆನೆಗಟ್ಟಿತ್ತು, ಕಡಲೆ ಹೂವಾಗಿತ್ತು. ಫಕೀರವ್ವ ಮಗ ಮೈಲಾರಿ, ಸೊಸೆ ಮಲ್ಲಮ್ಮನ ಜೊತೆ ಬಂದು ಹೊರಗೇಟಿನ ಬೇವಿನಮರದ ಕೆಳಗೆ ಬುಟ್ಟಿ ಇಳಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡುಬು. ಬಿಳಿ ಬಟ್ಟೆ ಮುಚ್ಚಿದರೂ ವಾಸನೆ ಆಫೀಸಿನವರೆಗೆ ಬರುತ್ತಿತ್ತು.

ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಫೋನು ಬಂತು. ರೈತರ ಜೊತೆ ನೇರ ಮಾತುಕತೆಯ ವಿಶೇಷ ಕಾರ್ಯಕ್ರಮ ಸೇರಿಕೊಂಡಿದೆ, ನಡುವೆ ನಿಲ್ಲಿಸುವಂತಿಲ್ಲ, ಪಿಂಗಾಣಿ ಅದು ಮುಗಿದ ಮೇಲೆ ಒರೆಸಿಕೊಳ್ಳಿ ಎಂದರು. ತಬಸುಮ್ ತಾನೇ ಬೇವಿನಮರದವರೆಗೆ ಹೋಗಿ ಹೇಳಿದಳು.

“ಸ್ವಲ್ಪ ತಡಾ ಆಗತೈತ್ರಿ ಆಯಿ. ನಾ ಕೀಲಿ ಹಿಡ್ಕೊಂಡು ಬರೂಮಟ ಇಲ್ಲೇ ಕುಂದರ್ರಿ. ಮೀರಾಕಾಕಾ, ಕೇಳಿದ್ರಿಲ್ಲೋ?”

“ಕೇಳಿದೆ ಬಾಯಾರ.”

“ಹಸದ ಹೊಲಾ ಎಷ್ಟೊತ್ತು ಕಾದೀತ ಬೇ?” ಎಂದು ಫಕೀರವ್ವ ಗೊಣಗಿದಳು. “ಹೊತ್ತು ಇಳೀತು ಅಂದ್ರ ಚರಗಾ ಚೆಲ್ಲೂದಿಲ್ಲ ನಾವು.”

ತಬಸುಮ್ ಮರಳಿ ಯಂತ್ರದ ಕೋಣೆಗೆ ಬಂದು ಕೂತಳು. ಸಹಾಯಕ ಹಾರೂನ್ ಮೀಟರುಗಳನ್ನು ನೋಡುತ್ತಿದ್ದ. ಕೋಣೆಯ ಸ್ಪೀಕರಿನಲ್ಲಿ ಯಾರೋ ರೈತರು ಕಡಲೆಯ ಕಾಯಿಕೊರಕದ ಬಗ್ಗೆ ಕೇಳುತ್ತಿದ್ದರು. ಉತ್ತರ ಶುರುವಾಗುವಷ್ಟರಲ್ಲಿ ದನಿ ಕತ್ತರಿಸಿದಂತೆ ನಿಂತಿತು. ಧಾರವಾಡದ ಕಡೆಯಿಂದ ಬರುವ ದನಿ ದಾರಿಯಲ್ಲೆಲ್ಲೋ ತುಂಡಾಗಿತ್ತು. ಆಗಾಗ ಆಗುವಂಥದ್ದೇ. ಅವಳು ಮೇಜಿನ ಮೇಲಿನ ಫೋನಿನಿಂದ ಸ್ಟುಡಿಯೋದವರಿಗೆ ಹಚ್ಚಿದಳು. ಅವರು ನೋಡುತ್ತೇವೆ ಎಂದರು, ಇವಳು ಬೇಗ ನೋಡಿರಿ ಎಂದಳು, ಅವರು ನಮ್ಮ ಕಡೆ ಎಲ್ಲ ಸರಿ ಇದೆ ಎಂದರು, ಇವಳಿಗೆ ಸಿಟ್ಟು ಬಂತು. ಮಾತು ಬೆಳೆಯುತ್ತಿತ್ತು. ಮೀಟರಿನ ಮುಳ್ಳು ಮಾತ್ರ ಅಲುಗಲಿಲ್ಲ. ದನಿ ಇಲ್ಲದಿದ್ದರೂ ಯಂತ್ರ ತನ್ನ ಪೂರ್ತಿ ಶಕ್ತಿಯನ್ನು ಕಂಬಕ್ಕೆ ತುಂಬುತ್ತಲೇ ಇತ್ತು.

ಫೋನು ಕಿವಿಯಲ್ಲಿಟ್ಟುಕೊಂಡೇ ಅವಳು ಕಿಟಕಿಯತ್ತ ತಿರುಗಿದಳು. ಬೇವಿನಮರದ ಕೆಳಗೆ ಯಾರೂ ಇರಲಿಲ್ಲ.

ಒಳಬೇಲಿಯ ಹಿಂಬದಿಯ ಸಣ್ಣ ಗೇಟು ತೆರೆದಿತ್ತು. ಮೀರಾಸಾಬ ಗೇಟು ಹಿಡಿದು ಬದಿಗೆ ನಿಂತಿದ್ದ. ಫಕೀರವ್ವ ಬುಟ್ಟಿ ಇಳಿಸಿ ಕಲ್ಲುಗಳ ಮುಂದೆ ಬಗ್ಗಿದ್ದಳು. ಅವಳ ಹಿಂದೆ ತಂಬಿಗೆ ಹಿಡಿದು ಮಲ್ಲಮ್ಮ, ಅವಳ ಹಿಂದೆ ಮೈಲಾರಿ. ಫಕೀರವ್ವ ಎದ್ದು ನಿಂತಳು. ಅವಳ ಬಲಗೈಯ ಬೆರಳು ಕೆಂಪಾಗಿತ್ತು. ಆ ಕೈ ಮೇಲೇಳುತ್ತಿತ್ತು.

ಕೂಗಿದರೆ ಅಲ್ಲಿಗೆ ಕೇಳಿಸದು. ಓಡಿದರೆ ಅಷ್ಟರಲ್ಲಿ ಮುಗಿದಿರುತ್ತದೆ. ನೇರ ಕಾರ್ಯಕ್ರಮ ನಿಲ್ಲಿಸಲು ಅವಳಿಗೆ ಅಪ್ಪಣೆ ಇರಲಿಲ್ಲ, ಆ ಕ್ಷಣಕ್ಕೆ ಅಪ್ಪಣೆ ಎಂಬುದೊಂದು ಇದೆ ಎಂಬುದೂ ನೆನಪಾಗಲಿಲ್ಲ. ರಿಸೀವರ್ ಎಸೆದು ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಯಂತ್ರದ ಗುಂಯ್‌ಗುಡುವಿಕೆ ಇಳಿದು ನಿಂತಿತು. ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದವು.

ಅವಳು ಉಸಿರು ಬಿಟ್ಟು ಕಿಟಕಿಯಲ್ಲಿ ನೋಡಿದರೆ, ಒಳಬೇಲಿಯಲ್ಲಿ ಎಲ್ಲರೂ ದಿಕ್ಕಾಪಾಲಾಗಿ ಓಡುತ್ತಿದ್ದರು. ಮೀರಾಸಾಬ ಎರಡೂ ಕೈ ಬೀಸಿ ಏನೋ ಅರಚುತ್ತಿದ್ದ. ಮಲ್ಲಮ್ಮನ ಕೈಯ ತಂಬಿಗೆ ಉರುಳಿತು. ಮೈಲಾರಿ ತಾಯಿಯ ರೆಟ್ಟೆ ಹಿಡಿದು ಎಳೆದ, ಫಕೀರವ್ವ ಕಾಲು ತೊಡರಿ ಮೊಣಕಾಲೂರಿ ಬಿದ್ದಳು, ಚರಗದ ಬುಟ್ಟಿ ಮಗುಚಿತು. ಸುಡುವ ಕಂಬದ ಪಕ್ಕ ನೆಮ್ಮದಿಯಿಂದ ಇದ್ದವರು, ಕಂಬ ಬರೀ ಉಕ್ಕಾದ ಮೇಲೆ ಜೀವ ಕೈಯಲ್ಲಿ ಹಿಡಿದು ಹೊರಗೆ ನುಗ್ಗುತ್ತಿದ್ದರು. ತಬಸುಮ್‌ಳಿಗೆ ಏನೂ ಅರ್ಥವಾಗಲಿಲ್ಲ. ಯಂತ್ರದಿಂದ ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು, “ಹಾರೂನ್, ಯಾರು ಫೋನ್ ಮಾಡಿದ್ರೂ ಬಂದ್ ಐತಿ ಅಂತ ಹೇಳು,” ಎಂದು ಓಡಿದಳು.

ಬೇಲಿಯ ಹತ್ತಿರ ಬರುತ್ತಿದ್ದಂತೆ ಅವಳ ಕಿವಿಗೆ ಬಿದ್ದದ್ದು ಮೀರಾಸಾಬನ ಕಿಸೆಯಲ್ಲಿದ್ದ ಪುಟ್ಟ ರೇಡಿಯೋದ ಸದ್ದು. ಸುರ್ರ್ ಎಂದು ಬಾಣಲೆಗೆ ಒಗ್ಗರಣೆ ಬಿದ್ದಂತೆ ಅದು ಒಂದೇ ಸಮನೆ ಒದರುತ್ತಿತ್ತು.

“ಬರಬ್ಯಾಡ್ರಿ ಬಾಯಾರ!” ಎಂದು ಮೀರಾಸಾಬ ಅಡ್ಡ ಬಂದ. “ಕಂಬಾ ಚಾಲೂ ಮಾಡ್ಯಾರ! ಈಟೊತ್ತು ರೇಡಿಯೋ ಸುಮ್ಮನಿತ್ತು, ನೀವು ಬಂದ್ ಮಾಡಿದ್ರಿ ಅಂತ ನಾನ ಇವರನ್ನ ಬಿಟ್ಟೆ. ನೋಡ್ರಿ, ಈಗ ಹೆಂಗ ಒದರಾಕ ಹತ್ತೈತಿ!”

ಫಕೀರವ್ವ ಜಾಲಿಕಂಟಿಯ ಪಕ್ಕ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಸೀರೆಗೆ ಕೆಮ್ಮಣ್ಣಿನಂತೆ ಕುಂಕುಮ ಮೆತ್ತಿತ್ತು. ತಬಸುಮ್‌ಳನ್ನು ನೋಡಿದ ಕೂಡಲೇ ಅವಳ ಮುಖ ಗಟ್ಟಿಯಾಯಿತು.

“ಬ್ಯಾಡ ಅನ್ನೂದಿತ್ತಂದ್ರ ಬ್ಯಾಡ ಅಂತ ಅನಬೇಕಿತ್ತ ಬೇ,” ಎಂದಳು. “ಒಳಗ ಬಿಟ್ಟು ನಮ್ಮ ಮ್ಯಾಲೆ ಕಂಬಾ ಹಚ್ಚತೀಯಾ? ನಾ ನಿನಗೇನ್ ಮಾಡಿದ್ದೆ?”

ಆ ಮಾತು ತಬಸುಮ್‌ಳಿಗೆ ಮೈಮೇಲೆ ಕುದಿನೀರು ಬಿದ್ದಂತೆ ತಾಗಿತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮೀರಾಸಾಬನ ಮೇಲೆ, ಸ್ಟುಡಿಯೋದವರ ಮೇಲೆ, ಎಳೆದು ನೋಡದೆ ಬೋರ್ಡು ಹೊಡೆಸಿದ ತನ್ನ ಮೇಲೆ. ನಿಮ್ಮ ಜೀವ ಉಳಿಸಿದ್ದೇನೆ ಎಂದು ಅರಚಬೇಕೆನಿಸಿತು. ಅರಚಿದರೆ ಅಜ್ಜಿ ನಂಬುವವಳಲ್ಲ ಎಂದೂ ಗೊತ್ತಿತ್ತು.

“ಕಾಕಾ,” ಎಂದಳು ತಡೆತಡೆದು, “ರೇಡಿಯೋ ಸುಮ್ಮನಾದ್ರ ಕಂಬಾ ಬಂದ್ ಅಲ್ಲ. ಬಸ್ಸಿನಾಗ ಮಂದಿ ಇಲ್ಲಂದ್ರ ಬಸ್ಸು ನಿಂತೈತಿ ಅಂತೇನು? ಖಾಲಿ ಬಸ್ಸೂ ಹಾಯ್ಕೊಂಡು ಹೋದ್ರ ಮನಶ್ಯಾ ಉಳಿಯೂದಿಲ್ಲ. ಅವಾಗ ಮಾತು ನಿಂತಿತ್ತು, ಕಂಬಾ ಹರೀತಿತ್ತು. ಈಗ ನಾ ಕಂಬಾನ ಬಂದ್ ಮಾಡೇನಿ. ಅದಕ್ಕ ನಿಮ್ಮ ರೇಡಿಯೋಕ್ಕ ಹಿಡಿಯಾಕ ಏನೂ ಸಿಗಲಾರದ ಸುರ್ ಅನಾಕ ಹತ್ತೈತಿ.”

ಮೀರಾಸಾಬ ಕಿಸೆಯ ರೇಡಿಯೋ ಹೊರತೆಗೆದು, ಅದು ತನ್ನದಲ್ಲವೇನೋ ಎಂಬಂತೆ ನೋಡಿದ. ಇಷ್ಟು ವರ್ಷ ಕೊನೆಯ ಮಾತು ಕೇಳಿದ ಕೂಡಲೇ ಅದನ್ನು ಬಂದ್ ಮಾಡುತ್ತಿದ್ದ. ಆಮೇಲೆ ಅದು ಏನು ಸದ್ದು ಮಾಡುತ್ತದೆ ಎಂಬುದನ್ನು ಅವನು ಕೇಳಿಯೇ ಇರಲಿಲ್ಲ. ಈ ಸಲ ಮುಗಿಯಿತೆಂದು ಯಾರೂ ಹೇಳದ ಕಾರಣ, ಮತ್ತೆ ಶುರುವಾದರೆ ತಿಳಿಯಲೆಂದು ಹಚ್ಚಿಟ್ಟಿದ್ದ.

“ಹಂಗಾರ ನಾ ಇವರನ್ನ ಒಳಗ ಬಿಟ್ಟಾಗ...” ಎಂದ.

“ಚಾಲೂ ಇತ್ತು ಕಾಕಾ.”

“ಹಿಂದಿನ ವರ್ಷಗಳು?”

“ಅವಾಗೆಲ್ಲಾ ಖರೇನ ಬಂದ್ ಇರ್ತಿತ್ತು. ಇವತ್ತಷ್ಟ ಅಲ್ಲ.”

ಮೀರಾಸಾಬ ಹಳೆಯ ಅಧಿಕಾರಿಯ ಕಾಲದಿಂದ ತನ್ನ ಹತ್ತಿರವೇ ಇದ್ದ ಸಣ್ಣ ಗೇಟಿನ ಕೀಲಿಯನ್ನು ತಬಸುಮ್‌ಳ ಕೈಗಿಟ್ಟು ಅಲ್ಲೇ ನೆಲಕ್ಕೆ ಕುಸಿದು ಕೂತ. ಫಕೀರವ್ವನಿಗೆ ಈ ಮಾತುಗಳಿಂದ ಏನೂ ಸಮಾಧಾನವಾಗಲಿಲ್ಲ. ಅವಳ ಕಿವಿಗೆ ಕೇಳುತ್ತಿದ್ದದ್ದು ರೇಡಿಯೋದ ಒದರಾಟ ಒಂದೇ.

“ನೀವು ನೀವು ಏನರ ಮಾತಾಡ್ಕೋರಿ,” ಎಂದಳು. “ಸುಮ್ಮನಿದ್ದದ್ದು ಕೊಲ್ಲತಿತ್ತಂತ, ಒದರೂದು ಏನೂ ಮಾಡೂದಿಲ್ಲಂತ. ಯಾರಿಗೆ ಹೇಳ್ತೀರಿ ಇದನ್ನ? ನಡಿ ಮೈಲಾರಿ, ಮನಿಗೆ ಹೋಗೂಣು.”

ಮೈಲಾರಿ ತಾಯಿಯನ್ನು ಎಬ್ಬಿಸಿದ. ಮಲ್ಲಮ್ಮ ಬುಟ್ಟಿಯ ಕಡೆ ನೋಡಿದಳು, ತರಲು ಒಳಗೆ ಹೋಗುವ ಧೈರ್ಯ ಅವಳಿಗಿರಲಿಲ್ಲ. ಅವರು ಹೀಗೇ ಹೋದರೆ ಇನ್ನೆಂದೂ ಬರುವುದಿಲ್ಲ ಎಂದು ತಬಸುಮ್‌ಳಿಗೆ ಅನಿಸಿತು. ಬರದಿದ್ದರೆ ಒಳ್ಳೆಯದೇ ಎಂದು ಹತ್ತು ದಿನದ ಕೆಳಗೆ ಅಂದುಕೊಳ್ಳುತ್ತಿದ್ದಳೇನೋ. ಈಗ ಹಾಗನಿಸಲಿಲ್ಲ. ತನ್ನನ್ನು ಕೊಲೆಗಾತಿ ಎಂದುಕೊಂಡು ಈ ಮುದುಕಿ ಮನೆ ಸೇರುವುದನ್ನು ಅವಳಿಂದ ಸಹಿಸಲಾಗಲಿಲ್ಲ.

ಅವಳು ಒಳಬೇಲಿಯ ಒಳಗೆ ಹೋದಳು. ಬೇಲಿಗೆ ತೂಗುಹಾಕಿದ್ದ ಉದ್ದನೆಯ ಕೋಲು ತೆಗೆದುಕೊಂಡಳು. ಅದರ ತುದಿಯ ಕೊಕ್ಕೆಗೆ ಕಟ್ಟಿದ ದಪ್ಪ ತಂತಿ ನೆಲದಲ್ಲಿ ಹೂತಿರುತ್ತದೆ, ಕಂಬದಲ್ಲಿ ಏನಾದರೂ ಉಳಿದಿದ್ದರೆ ಮೊದಲು ನೆಲಕ್ಕೆ ಇಳಿಯಲಿ ಎಂದು. ಕೊಕ್ಕೆಯನ್ನು ಕಂಬಕ್ಕೆ ಸಿಕ್ಕಿಸಿದಳು. ಇದೆಲ್ಲ ಓದಿ ಗೊತ್ತಿತ್ತು, ಬೇರೆಯವರು ಮಾಡಿದ್ದನ್ನು ನಿಂತು ನೋಡಿಯೂ ಗೊತ್ತಿತ್ತು. ಬರಿಗೈಯಿಂದ ಆ ಉಕ್ಕನ್ನು ಅವಳು ಎಂದೂ ಮುಟ್ಟಿರಲಿಲ್ಲ. ಗುಂಡಿ ಒತ್ತಿದ್ದು ತಾನೇ, ಕೀಲಿ ತನ್ನ ಮುಷ್ಟಿಯಲ್ಲೇ ಇದೆ, ಕೊಕ್ಕೆ ಸಿಕ್ಕಿಸಿದ್ದೂ ತಾನೇ. ಎಲ್ಲ ಗೊತ್ತಿದ್ದೂ ಅವಳಿಗೆ ಹೆದರಿಕೆಯಾಯಿತು. ಹೊರಗಿನ ರೇಡಿಯೋ ಇನ್ನೂ ಸುರ್ರೆನ್ನುತ್ತಿತ್ತು. ಬಾಯಲ್ಲಿ ಬಿಸ್ಮಿಲ್ಲಾ ಎಂದುಕೊಂಡು, ಪಿಂಗಾಣಿಯ ಮೇಲಿನ ಉಕ್ಕಿಗೆ ಬಲ ಅಂಗೈಯನ್ನು ಪೂರ್ತಿ ಒತ್ತಿ ಇಟ್ಟಳು.

ಬಿಸಿಲಿಗೆ ಕಾದ ಕಬ್ಬಿಣ, ಅಷ್ಟೇ.

“ಆಯಿ!” ಎಂದು ಕೂಗಿದಳು. “ಇಲ್ಲಿ ನೋಡ್ರಿ.”

ಫಕೀರವ್ವ ತಿರುಗಿದಳು. ಕೈ ಎತ್ತಿ ಮಗನನ್ನು ತಡೆದಳು. ತಬಸುಮ್‌ಳ ಅಂಗೈಯನ್ನು ನೋಡಿದಳು, ಮುಖ ನೋಡಿದಳು, ಮತ್ತೆ ಅಂಗೈ ನೋಡಿದಳು. ರೇಡಿಯೋ ಒದರುತ್ತಲೇ ಇತ್ತು.

“ಕೀಲಿ ನನ್ನ ಹತ್ರ ಐತ್ರಿ,” ಎಂದು ತಬಸುಮ್ ಎಡಗೈ ಎತ್ತಿದಳು. “ಇದು ನನ್ನ ಮುಷ್ಟ್ಯಾಗ ಇರೂಮಟ ಯಾರಿಂದನೂ ಈ ಕಂಬಾ ಚಾಲೂ ಆಗೂದಿಲ್ಲ. ಬರ್ರಿ. ನಿಮ್ಮ ಹೊಲಾ ಹಸದೈತಿ.”

ಅಜ್ಜಿ ಮಗನ ಕೈ ಬಿಡಿಸಿಕೊಂಡಳು. ಆಮೇಲೆ ಕುಂಟುತ್ತ ಗೇಟಿನವರೆಗೆ ಬಂದು ನಿಂತಳು.

“ನೀ ಅಲ್ಲೇ ನಿಂದ್ರು,” ಎಂದಳು. “ನಾ ಎಲ್ಲಾ ಮುಗಿಸಿ ಹೊರಗ ಬರೂಮಟ ಕೈ ತಗೀಬ್ಯಾಡ.”

“ತಗಿಯೂದಿಲ್ರಿ.”

ಫಕೀರವ್ವ ಒಳಗೆ ಬಂದಳು. ಮಗುಚಿದ ಬುಟ್ಟಿಯನ್ನು ಎತ್ತಿದಳು, ಮಣ್ಣಿಗೆ ಬಿದ್ದಿದ್ದ ಕಡುಬನ್ನೂ ರೊಟ್ಟಿಯನ್ನೂ ನೋಡಿ, “ಬಿದ್ದಿದ್ದು ಬೀಳ್ಲಿ, ಹೊಲದಾಗ ಬಿದ್ದೈತಿ,” ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದದ್ದನ್ನು ಕೈಗೆ ತೆಗೆದುಕೊಂಡು, “ಹುಲ್ಲುಲ್ಲಿಗ್ಯೋ” ಎಂದು ಚರಗದ ಕೂಗು ಹಾಕಿ ಬೀರುತ್ತ ಹೊರಟಳು. ಮಲ್ಲಮ್ಮ ತಂಬಿಗೆಯಲ್ಲಿ ಉಳಿದ ನೀರನ್ನು ಚಿಮುಕಿಸುತ್ತ “ಚಲ್ಲಂಬರಿಗ್ಯೋ” ಎನ್ನುತ್ತ ಹಿಂದೆ ನಡೆದಳು. ಅವಸರ ಮಾಡಲಿಲ್ಲ. ಬೇಲಿಯ ಮೂಲೆಮೂಲೆಗೂ ಹೋದರು. ಮುದುಕಿಗೆ ಆ ಜಾಗದ ಬದು ಎಲ್ಲಿತ್ತು, ಬಾವಿ ಎಲ್ಲಿತ್ತು ಎಲ್ಲವೂ ನೆನಪಿತ್ತು. ಈಗ ಅಲ್ಲಿ ಜಲ್ಲಿಕಲ್ಲು ಬಿಟ್ಟು ಏನೂ ಇಲ್ಲದಿದ್ದರೂ ಪ್ರತಿಯೊಂದಕ್ಕೂ ಒಂದೊಂದು ತುತ್ತು ಹಾಕಿದಳು.

ತಬಸುಮ್‌ಳ ಕುರ್ತಾದ ಕಿಸೆಯಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ಮೇಲಿನ ಆಫೀಸು. ನಿಂತಿತು, ಮತ್ತೆ ಬಡಿದುಕೊಂಡಿತು. ನೇರ ಕಾರ್ಯಕ್ರಮದ ನಡುವೆ ಕಂಬ ಬಂದ್ ಮಾಡಿದ್ದಕ್ಕೆ ಅವರಿಗೆ ಜವಾಬು ಕೊಡಬೇಕು. ಸಣ್ಣ ಗೇಟಿನ ಕಥೆಯನ್ನೂ ಹೇಳಬೇಕು, ಅದಕ್ಕೆ ತನ್ನನ್ನು ಇಲ್ಲಿಂದ ಎತ್ತಿ ಎಲ್ಲಿಗಾದರೂ ಹಾಕಬಹುದು. ಒಂದು ಕೈ ಕಂಬದ ಮೇಲಿತ್ತು, ಇನ್ನೊಂದರಲ್ಲಿ ಕೀಲಿ ಇತ್ತು, ಫೋನು ಎತ್ತಲು ಮೂರನೆಯ ಕೈ ಇರಲಿಲ್ಲ. ಅವಳು ನಿಂತೇ ಇದ್ದಳು. ತೋಳು ಸೋಲತೊಡಗಿದರೂ ಅಂಗೈ ಅಲುಗಿಸಲಿಲ್ಲ.

ಫಕೀರವ್ವ ಸುತ್ತು ಮುಗಿಸಿ ಕಲ್ಲುಗಳ ಮುಂದೆ ಕೂತು ಕೈ ಮುಗಿದಳು. ಆಮೇಲೆ ಎದ್ದು ಬಂದು, ತಬಸುಮ್‌ಳ ಅಂಗೈಯ ಪಕ್ಕದಲ್ಲೇ ಉಕ್ಕಿಗೆ ಕುಂಕುಮದ ಬೆರಳೊತ್ತಿದಳು. ಬೆರಳನ್ನು ಕೂಡಲೇ ತೆಗೆಯಲಿಲ್ಲ. ಈ ಬೆರಳು ಇಷ್ಟು ಹೊತ್ತಿಗೆ ಏನಾಗಿರುತ್ತಿತ್ತು ಎಂಬುದು ಆಗ ಅವಳಿಗೆ ಹೊಳೆದಿರಬೇಕು, ಕಣ್ಣುಗಳು ತುಂಬಿ ಬಂದವು.

“ನಾ ಕೆಟ್ಟ ಮಾತ ಅಂದೆ ಯವ್ವಾ,” ಎಂದಳು.

“ಇರಲಿ ಬಿಡ್ರಿ ಆಯಿ.”

ಅವರೆಲ್ಲ ಗೇಟು ದಾಟಿದ ಮೇಲೆ, ಹೊರಗೆ ನಿಂತು ಫಕೀರವ್ವ, “ಹ್ಞೂಂ, ಈಗ ತಗಿ,” ಎಂದಳು. ತಬಸುಮ್ ಕೈ ತೆಗೆದಳು. ಅಂಗೈಯಲ್ಲಿ ಕಂಬದ ಹಳೆಯ ಬಣ್ಣದ ಚಕ್ಕೆಗಳು ಅಂಟಿದ್ದವು. ಕೊಕ್ಕೆ ಬಿಡಿಸಿ ಕೋಲು ತೂಗುಹಾಕಿ ಹೊರಬಂದು, ಸಣ್ಣ ಗೇಟಿಗೆ ಬೀಗ ಹಾಕಿ ಎರಡೂ ಕೀಲಿಗಳನ್ನು ತನ್ನ ಹತ್ತಿರವೇ ಇಟ್ಟುಕೊಂಡಳು.

“ಬರೂ ವರ್ಷ ಇಲ್ಲೇ ಇರತೀಯೇನ ಬೇ?” ಎಂದು ಫಕೀರವ್ವ ಕೇಳಿದಳು.

ಕಿಸೆಯ ಮೊಬೈಲು ಮತ್ತೆ ಬಡಿದುಕೊಂಡಿತು.

“ಗೊತ್ತಿಲ್ರಿ ಆಯಿ.”

ಮುದುಕಿ ಕಂಬದ ತುದಿಯ ಕಡೆ ನೋಡಿದಳು.

“ನಾ ಅಂತೂ ನಿನ್ನ ಕೈ ಇಲ್ಲದ ದಿನಾ ಒಳಗ ಕಾಲಿಡೂದಿಲ್ಲ,” ಎಂದಳು. “ಯಾರ ಬಾ ಅಂದ್ರೂ ಇಲ್ಲ. ನಮ್ಮ ಮಂದಿಗೂ ಹೇಳಿ ಇಡತೇನಿ.”

ಇಷ್ಟು ತಿಂಗಳು ಬೋರ್ಡು ಹೊಡೆಸಿ, ಊರಲ್ಲಿ ಮೀಟರು ಹಿಡಿದು ಅಲೆದು, ಸುಟ್ಟ ಟ್ಯೂಬು ಬೆಳಗಿಸಿ ತಬಸುಮ್ ಬೇಡಿಕೊಂಡದ್ದು ಇದೊಂದೇ ಮಾತನ್ನು. ಅದು ಸಿಕ್ಕಾಗ ಗೆದ್ದ ಖುಷಿ ಆಗಲೇ ಇಲ್ಲ. ತಾನು ಇಲ್ಲಿ ಇಲ್ಲದೆ ಹೋದರೆ ಈ ಹೊಲ ಹಸಿದೇ ಇರುತ್ತದೆ ಎಂಬುದಷ್ಟೇ ಎದೆಯಲ್ಲಿ ಕೂತಿತು. ಅವಳು ಫೋನು ಹೊರತೆಗೆದು ಕಿವಿಗೆ ಹಚ್ಚಿದಳು.

“ಹೌದ್ರಿ ಸರ್, ಬಂದ್ ಮಾಡಿದ್ದು ನಾನ,” ಎಂದಳು. “ಇಲ್ರಿ, ಪಿಂಗಾಣಿ ಒರಸಾಕ ಅಲ್ಲ. ಒಳಗ ಮಂದಿ ಇದ್ರು.”